ಇರ್ಫಾನ್ ಕಂಡುಹಿಡಿದ ನನ್ನ ಬ್ಯಾಂಡ್

ಮಿತ್ರರೇ, ಇವತ್ತು ನನ್ನ ಬ್ಯಾಂಡನ್ನೇ ಒಬ್ಬ ಕದ್ದ. ಸೌದಿಯ ದಮ್ಮಾಮಿನಲ್ಲಿ ನಾವು ಮೂವರು ಒಂದೇ ಕಾರಿನಲ್ಲಿ ಆಫೀಸಿಗೆ ಹೋಗುವವರು. ಮುಂದಿನ ಸೀಟಿನಲ್ಲಿ ಕೂತವನು ಹಾಕಿದ ಹಾಡನ್ನೇ ಎಲ್ಲರೂ ಕೇಳಬೇಕು, ಅದು ಕಾರಿನ ಕಾನೂನು. ನಾನು ವೇಲ್ಸ್‌ನ ಒಂದು ರಾಕ್ ಬ್ಯಾಂಡ್ ಹಾಕಿದಾಗಲೆಲ್ಲ, "ಎಂತ ಮಾರಾಯ, ಮಿಕ್ಸಿಗೆ ಕಲ್ಲು ಬಿದ್ದ ಹಾಗೆ" ಎನ್ನುತ್ತಿದ್ದವನು ಇರ್ಫಾನ್. ಇವತ್ತು ಅವನೇ ಮುಂದೆ ಕೂತು ಅದೇ ಬ್ಯಾಂಡಿನ ಹೊಸ ಹಾಡು ಹಾಕಿದ. ಅದು ಬಂದದ್ದೇ ನನಗೆ ಗೊತ್ತಿರಲಿಲ್ಲ.

ಕಾರು ಓಡಿಸುತ್ತಿದ್ದ ಶೆಟ್ಟರು ತಲೆದೂಗಿದರು. "ಎಲ್ಲಿಂದ ಹುಡುಕ್ತೀಯ ಇದನ್ನೆಲ್ಲ?"

ಇರ್ಫಾನ್ ನನ್ನತ್ತ ತಿರುಗಿದ. "ನಿಂಗೆ ಇಷ್ಟ ಆಗ್ಲಿಕ್ಕಿಲ್ಲ. ಸ್ವಲ್ಪ ಬೇರೆ ತರದ್ದು."

ನಾಳೆ ಮುಂದಿನ ಸೀಟು ನನ್ನ ಪಾಳಿ. ಆಫೀಸಿನವರೆಗೂ ಯಕ್ಷಗಾನದ ತಾಳಮದ್ದಳೆ ಹಾಕುತ್ತೇನೆ. ಅದನ್ನೂ ಇರ್ಫಾನೇ ಕಂಡುಹಿಡಿಯಲಿ.