ಹದಿನಾಲ್ಕು ಗುಳಿಯ ಮಣೆ

ಇವತ್ತು ಜಗುಲಿಯಲ್ಲಿ ಕೂತು ಚೆನ್ನೆಮಣೆಯ ಹದಿನಾಲ್ಕನೆಯ ಗುಳಿ ಕೆತ್ತುತ್ತಿದ್ದೆ. ಪಕ್ಕದ ಕೇರಿಯಿಂದ ಅಕ್ಕ ಬಂದು ನಿಂತಳು.

"ಎಂತ ಮಾಡ್ತೆ ತಮಾ? ಹೆಂಡ್ತಿ ಹೋಗಿ ವರ್ಷ ತುಂಬ್ಲಿಲ್ಲ. ಮನೇಲಿ ಆಟ ಬೇಕಾಗಿತ್ತಾ? ಜನ ಎಂತ ಹೇಳೂದು?"

ಸ್ನೇಹಿತರೇ, ನನಗೆ ವಾದ ಮಾಡುವ ಶಕ್ತಿ ಇಲ್ಲ. ತಾಯಿ ಹೋದ ಮೇಲೆ ಮಗಳು ಸುಮಾ ಊಟದ ಬಟ್ಟಲನ್ನೂ ಕೋಣೆಗೇ ಒಯ್ಯುತ್ತಾಳೆ. ಕೇಳಿದ್ದಕ್ಕೆ ತಲೆ ಆಡಿಸುತ್ತಾಳೆ, ಅಷ್ಟೇ. ಅವಳು ಸ್ವಲ್ಪ ಹೊತ್ತು ಎದುರು ಕೂತರೆ ಸಾಕು ಎಂದು ಎರಡು ವಾರದಿಂದ ಈ ಹಲಸಿನ ಹಲಗೆಗೆ ಉಳಿ ಹೊಡೆಯುತ್ತಿದ್ದೇನೆ. ಅದನ್ನೆಲ್ಲ ಹೇಳದೆ, "ಮುಗೀತು ಅಕ್ಕಾ" ಎಂದೆ.

ಅಕ್ಕ ಬಗ್ಗಿ ನೋಡಿದಳು. "ಎಂತ ಮುಗೀತು? ಒಂದು ಗುಳಿ ಬಾವಿ, ಒಂದು ತಟ್ಟೆ. ಹುಣಸೆಬೀಜ ಕೊಡು, ಹಾಕಿ ನೋಡ್ವ." ಸುಮಾಳ ಕೋಣೆಯ ಕಡೆ ತಿರುಗಿ ಕರೆದಳು: "ಕೂಸೇ, ಬಾ ಇಲ್ಲಿ. ಅಳತೆ ನೋಡೂಕೆ ಎದುರಿಗೊಬ್ರು ಬೇಕು."

ಅಳತೆ ನೋಡುವುದು ಮೂರು ಆಟ ನಡೆಯಿತು. ಮೂರನೆಯದರಲ್ಲಿ ಸುಮಾ ಕೂಗಿಯೇಬಿಟ್ಟಳು: "ಅತ್ತೇ, ಮೋಸ! ಒಂದೇ ಗುಳಿಗೆ ಎರಡು ಬೀಜ ಹಾಕಿದ್ರಿ!"

"ನಿನ್ನಪ್ಪ ಗುಳಿ ಸಮ ಕೆತ್ತಿದ್ರೆ ಸರಿಯಾಗೇ ಬೀಳ್ತಿತ್ತು."

ಈ ಮನೆಯಲ್ಲಿ ಯಾರಾದರೂ ಕೂಗಿ ಎಷ್ಟೋ ತಿಂಗಳಾಗಿತ್ತು.

ಹೊರಡುವಾಗ ಅಕ್ಕ ಮಣೆಯ ಮೇಲೆ ಟವೆಲ್ ಮುಚ್ಚಿದಳು. "ವರ್ಷ ತುಂಬೂವರೆಗೆ ಇದ್ನ ಯಾರಿಗೂ ತೋರಿಸ್ಬೇಡ, ಆತಾ? ನಾ ನಾಳೆ ಮೂರು ಗಂಟೆಗೆ ಬತ್ತೆ."

ಮಣಿಕಟ್ಟು ನೋಯುತ್ತಿದೆ. ಆದರೂ ಅಷ್ಟರೊಳಗೆ ಗುಳಿಗಳನ್ನು ಸಮ ಮಾಡಬೇಕು. ಇಲ್ಲದಿದ್ದರೆ ನಾಳೆ ಅಕ್ಕ ಸೋತರೆ ಅದೂ ನನ್ನದೇ ತಪ್ಪಾಗುತ್ತದೆ.