ಹುಳದ ಮನೆಯಲ್ಲಿ ಇಳಿದ ಕರೆಂಟು ಬಿಲ್ಲು

ಬೆಳಗಿನ ಐದೂವರೆ. ರೇಷ್ಮೆ ಸೀಮೆಯ ವಿಜಯಪುರದ ಪಕ್ಕದ ಈ ಊರಿನಲ್ಲಿ ಕೋಳಿ ಇನ್ನೂ ಕೂಗಿ ಮುಗಿಸಿಲ್ಲ. ಶೆಡ್ಡಿನೊಳಗೆ ಮಾತ್ರ ಆಗಲೇ ನಡುಮಧ್ಯಾಹ್ನ. ಐದೈದು ಅಂತಸ್ತಿನ ರ‍್ಯಾಕುಗಳಲ್ಲಿ ಎಲ್‌ಇಡಿ ದೀಪಗಳು ಉರಿಯುತ್ತಿವೆ, ಅವುಗಳಡಿ ಲೆಟ್ಯೂಸ್ ಸೊಪ್ಪು ಸೊಂಪಾಗಿ ಕೂತಿದೆ. ಒಳಗೆ ಕಾಲಿಡಲು ಹೋದ ನನ್ನನ್ನು ಐವತ್ತೆರಡರ ಮುನಿತಾಯಮ್ಮ ಬಾಗಿಲಲ್ಲೇ ತಡೆಯುತ್ತಾರೆ. "ಸಾರ್, ಕಾಲ್ ತೊಳ್ಕೊಂಡ್ ಬನ್ನಿ. ಪೇಪರ್‌ನೋರಾದ್ರೂ ಅಷ್ಟೆ, ಮಿನಿಸ್ಟ್ರಾದ್ರೂ ಅಷ್ಟೆ." ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲದ್ದಿ, ಕೈ ತೊಳೆದು, ತಲೆಗೆ ಬಟ್ಟೆ ಕಟ್ಟಿಕೊಂಡ ಮೇಲೆಯೇ ನನಗೆ ಪ್ರವೇಶ.

ಇದು ರೇಷ್ಮೆ ಹುಳು ಕಲಿಸಿದ ಶಿಸ್ತು. ಇದೇ ಶೆಡ್ಡಿನಲ್ಲಿ ಅವರು ಇಪ್ಪತ್ತಾರು ವರ್ಷ ಹುಳು ಸಾಕಿದವರು. ಮನೆ ಪಾಲಾದಾಗ ಹಿಪ್ಪುನೇರಳೆ ತೋಟ ಮೈದುನನ ಕಡೆ ಹೋಯಿತು, ಹುಳದ ಮನೆ ಇವರ ಪಾಲಿಗೆ ಬಂತು. ಸೊಪ್ಪಿಲ್ಲದ ಹುಳದ ಮನೆ ಇಟ್ಟುಕೊಂಡು ಏನು ಮಾಡುವುದು? ನಾಲ್ಕು ವರ್ಷ ಬೀಗ ಬಿದ್ದಿತ್ತು. ಮುನಿತಾಯಮ್ಮ ಕಂಡವರ ದ್ರಾಕ್ಷಿ ತೋಟಕ್ಕೆ ಕೂಲಿ ಹೋದರು. ಆಗ ಬಂದವರು ಹರಿಪ್ರಸಾದ್, ಸೋಂಪುರದ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಬಿಟ್ಟು ದೀಪದಡಿ ಸೊಪ್ಪು ಬೆಳೆಯಲು ಹೊರಟ ಸಾಹಸಿ. ಶೆಡ್ಡಿಗೆ ಬಾಡಿಗೆ, ಮುನಿತಾಯಮ್ಮನಿಗೆ ಸಂಬಳ ಎಂದು ಮಾತಾಯಿತು.

ದಿನಕ್ಕೆ ಹನ್ನೆರಡು ಕಿಲೋ ಸೊಪ್ಪು, ಕಿಲೋಗೆ ಮುನ್ನೂರು ರೂಪಾಯಿ. ಕೇಳಲು ಚೆಂದ. ಆದರೆ ಪುಕ್ಕಟೆ ಬಿಸಿಲನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡವರಿಗೆ ಬೆಳಕಿಗೂ ದುಡ್ಡು, ತಂಪಿಗೂ ದುಡ್ಡು. ಕರೆಂಟು ಬಿಲ್ಲೇ ತಿಂಗಳಿಗೆ ಐವತ್ತೆಂಟು ಸಾವಿರ. ಸಂಬಳ, ಬಾಡಿಗೆ, ಬೀಜ, ಸಾಗಣೆ ಸೇರಿದರೆ ಹರಿಪ್ರಸಾದ್ ಪ್ರತಿ ತಿಂಗಳೂ ಕೈಯಿಂದ ಹಾಕಬೇಕಿತ್ತು. ಕಳೆದ ವರ್ಷ ಯುಗಾದಿ ಮುಗಿಯುತ್ತಲೇ ಅವರು ಹೇಳಿಬಿಟ್ಟರು: "ಅಕ್ಕ, ಇನ್ನೆರಡು ತಿಂಗ್ಳು ನೋಡ್ತೀನಿ. ಆಮೇಲೆ ಬಾಗ್ಲು ಹಾಕ್ಬಿಡ್ತೀನಿ." ಸಂಬಳ, ಬಾಡಿಗೆ ಎರಡೂ ಒಟ್ಟಿಗೆ ಹೋಗುವ ಮಾತು. ಮುನಿತಾಯಮ್ಮ ಅಳಲಿಲ್ಲ, ಒಂದು ಪ್ರಶ್ನೆ ಕೇಳಿದರು: "ಈ ಖಾಲಿ ಜಾಗಕ್ಕೆ ಯಾಕಪ್ಪಾ ದೀಪ ಹಾಕಿದ್ದೀಯಾ?"

ಬೆರಳುದ್ದದ ಸಸಿಗೂ ಆಗ ಗೇಣಗಲ ಜಾಗ ಬಿಟ್ಟು ನೆಡುತ್ತಿದ್ದರು. ಮೊದಲ ದಿನದಿಂದ ಕೊಯ್ಲಿನವರೆಗೂ ತಟ್ಟೆಗೆ ಇಪ್ಪತ್ನಾಲ್ಕೇ ಸಸಿ. "ಮರಿ ಹುಳಾನ ಯಾರಾದ್ರೂ ಮೂವತ್ತು ತಟ್ಟೆಗೆ ಹರಡ್ತಾರಾ ಸಾರ್? ಒಂದೇ ತಟ್ಟೇಲಿ ಒತ್ತಾಗಿ ಇಟ್ಕೊಂಡು, ಒಂದೊಂದು ಜ್ವರ ಎದ್ದಂಗೆಲ್ಲ ಬಿಡಿಸ್ತಾ ಹೋಗ್ತೀವಿ. ಇದಕ್ಕೂ ಹಂಗೇ ಮಾಡಾಣ ಅಂದೆ." ಜ್ವರವೆಂದರೆ ಹುಳು ಪೊರೆ ಬಿಡುವ ಹೊತ್ತು.

ಮೊದಲ ಸಲ ಬೇರುಗಳು ಹೆಣೆದುಕೊಂಡು, ಬಿಡಿಸುವಾಗ ಅರ್ಧ ಸಸಿ ಹಾಳಾದವು. ಹರಿಪ್ರಸಾದ್ ತಲೆಯ ಮೇಲೆ ಕೈ ಹೊತ್ತು ಕೂತರು. ಮುನಿತಾಯಮ್ಮ ಸಸಿಗೊಂದು ಪುಟ್ಟ ಲೋಟ ಕೊಟ್ಟು ಮತ್ತೆ ಶುರುಮಾಡಿದರು. ಈಗ ಮೊದಲ ಹನ್ನೆರಡು ದಿನ ತಟ್ಟೆಗೆ ಇನ್ನೂರ ನಲವತ್ತು ಸಸಿ, ಮತ್ತೆ ಹನ್ನೆರಡು ದಿನ ಎಪ್ಪತ್ತೆರಡು, ಕೊನೆಯ ಹನ್ನೆರಡು ದಿನಕ್ಕೆ ಮಾತ್ರ ಇಪ್ಪತ್ನಾಲ್ಕು. ಅಷ್ಟೇ ಸೊಪ್ಪಿಗೆ ನೂರಿಪ್ಪತ್ತು ತಟ್ಟೆಯ ಬದಲು ಅರವತ್ತಕ್ಕೆ ದೀಪ ಹಾಕಿದರೆ ಸಾಕು. ದೀಪ ಕಮ್ಮಿಯಾದದ್ದಕ್ಕೆ ಸೆಕೆಯೂ ಕಮ್ಮಿ, ಎಸಿಗೂ ಬಿಡುವು.

ಬಿಲ್ಲು ಮೂವತ್ತೆರಡು ಸಾವಿರಕ್ಕೆ ಇಳಿಯಿತು! ಮೀಟರ್ ಓದಲು ಬಂದವರು ಕೆಟ್ಟಿದೆಯೇನೋ ಎಂದು ಎರಡೆರಡು ಸಲ ನೋಡಿದರಂತೆ. "ಮೀಟ್ರು ಮೊದ್ಲೂ ಸರಿಗಿತ್ತು ಕಣಪ್ಪಾ, ನಾವ್ ಸರಿಗಿರ್ಲಿಲ್ಲ ಅಂದೆ" ಎಂದು ಮುನಿತಾಯಮ್ಮ ಬಾಯ್ತುಂಬ ನಗುತ್ತಾರೆ. ಅವರ ನಗು ನೋಡಿ ನನಗೂ ನಾನೇ ಗೆದ್ದಷ್ಟು ಖುಷಿ. "ದುಡ್ಡು ಕೊಟ್ಟು ಯಾರ್‍ಯಾರನ್ನೋ ಕೇಳ್ದೆ ಸಾರ್. ಗೊತ್ತಿದ್ದೋರು ನನ್ ಶೆಡ್ಡಲ್ಲೇ ಸೊಪ್ಪು ಕೊಯ್ತಾ ಇದ್ರು" ಎನ್ನುವ ಹರಿಪ್ರಸಾದ್, ಬಾಗಿಲು ಹಾಕುವ ಮಾತನ್ನು ಮತ್ತೆ ಎತ್ತಿಲ್ಲ. ಖಾಲಿ ಬಿದ್ದ ಅರವತ್ತು ತಟ್ಟೆಗಳಲ್ಲೂ ಈಗ ಸಸಿ ಏಳುತ್ತಿವೆ, ಹಳೆಯ ಬಿಲ್ಲಿನಷ್ಟೇ ಖರ್ಚಿಗೆ ಇನ್ನು ಎರಡರಷ್ಟು ಸೊಪ್ಪು. ದ್ರಾಕ್ಷಿ ತೋಟದಲ್ಲಿ ಜೊತೆಗೆ ಕೂಲಿ ಮಾಡುತ್ತಿದ್ದ ಮಾರಕ್ಕನೂ ಕೆಲಸಕ್ಕೆ ಬಂದಿದ್ದಾರೆ.

ಹೊರಡುವಾಗ ಒಂದು ಫೋಟೊ ಕೇಳುತ್ತೇನೆ. ಮುನಿತಾಯಮ್ಮ ತಲೆಯ ಬಟ್ಟೆ ಬಿಚ್ಚಿ ಸೆರಗು ಸರಿಮಾಡಿಕೊಳ್ಳುತ್ತಾರೆ, ಆಮೇಲೆ ಏನೋ ಯೋಚಿಸಿ ಗೋಡೆಯ ಕಡೆ ನಡೆಯುತ್ತಾರೆ. ಕ್ಯಾಲೆಂಡರಿನ ಪಕ್ಕದಲ್ಲಿ ಆ ಮೂವತ್ತೆರಡು ಸಾವಿರದ ಬಿಲ್ಲಿದೆ. ಅಕ್ಷರ ಮಾಸುತ್ತದೆಂದು ಜೆರಾಕ್ಸ್ ಮಾಡಿಸಿ ಅಂಟಿಸಿದ್ದಾರೆ.

"ನನ್ ಮುಖ ಊರೋರೆಲ್ಲ ನೋಡವ್ರೆ ಸಾರ್. ಇದರದ್ದು ಹಾಕಿ."