ದೋಣಿಯ ಎಣ್ಣೆ

ಮೈಸೂರಿನ ಮೋಟಾರ್ ಸೈಕಲ್ ಕಾರ್ಖಾನೆ ಬಾಗಿಲು ಹಾಕಿದಾಗ ಶಂಕರಲಿಂಗನಿಗೆ ನಲವತ್ತಾರು. ಹತ್ತೊಂಬತ್ತು ವರ್ಷ ಎಂಜಿನ್ ಪರೀಕ್ಷೆಯ ವಿಭಾಗದಲ್ಲಿದ್ದವನು. ಸದ್ದು ಕೇಳಿ, ಹೊಗೆ ನೋಡಿ ಎಣ್ಣೆ ಹೆಚ್ಚೋ ಕಡಿಮೆಯೋ ಹೇಳುತ್ತಿದ್ದ. ಆ ವಯಸ್ಸಿನಲ್ಲಿ ಬೇರೆ ಕೆಲಸ ಸಿಗಲಿಲ್ಲ. ಅಷ್ಟರಲ್ಲಿ ಅಂಚೆ ಇಲಾಖೆಯಲ್ಲಿದ್ದ ಹೆಂಡತಿ ಗೌರಿಗೆ ಬಡ್ತಿಯ ಜೊತೆ ಕೋಲ್ಕತ್ತಾಕ್ಕೆ ವರ್ಗವಾಯಿತು. ಹೀಗೆ ಅವನು ಬಾಲಿಗಂಜಿನ ಎರಡು ಕೋಣೆಯ ಮನೆಗೆ ಬಂದು, ಬೆಳಿಗ್ಗೆ ಹೆಂಡತಿಗೆ ಡಬ್ಬಿ ಕಟ್ಟಿ, ಆಮೇಲೆ ಗಡಿಯಾಹಾಟಿನಲ್ಲಿ ತರಕಾರಿ ತಂದು, ಸಂಜೆ ಅವಳ ದಾರಿ ಕಾಯುವವನಾದ.

ಕನ್ನಡ ಸಂಘದಲ್ಲಿ ಯಾರಾದರೂ "ನೀವು ಯಾವ ಆಫೀಸು?" ಎಂದರೆ ಶಂಕರಲಿಂಗನ ಮುಖ ಇಳಿಯುತ್ತಿತ್ತು. ಆಗ ಗೌರಿಯೇ, "ನಮ್ಮನೆಯವ್ರಿಗೆ ಟೂ ಸ್ಟ್ರೋಕ್ ಗಾಡಿ ಅಂದ್ರೆ ಅಂಗೈ ನೆಲ್ಲಿಕಾಯಿ" ಎನ್ನುತ್ತಿದ್ದಳು. ಅದು ಬಾಯಿಂದ ಬಾಯಿಗೆ ಹರಡಿತು. ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ಪಿಸ್ಟನ್ನನ್ನು ಕಾಯುವುದೂ ಅದೇ, ಉರಿದು ಹೊಗೆಯಾಗುವುದೂ ಅದೇ. ಯಾವ ಎಣ್ಣೆ, ಲೀಟರಿಗೆ ಎಷ್ಟು ಎಂದು ಕೇಳಿಕೊಂಡು ಜನ ಭಾನುವಾರ ಬರತೊಡಗಿದರು. ಶಂಕರಲಿಂಗ ಇಸ್ತ್ರಿಯ ಅಂಗಿ ತೊಟ್ಟು ಕೂರುತ್ತಿದ್ದ.

ಎರಡು ಸಾವಿರದ ಐದರಲ್ಲಿ ಚಂದ್ರಹಾಸ ಬಂದ. ಬೆಂಗಳೂರಿನ ಹುಡುಗ, ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಸದರ್ನ್ ಅವೆನ್ಯೂವಿನ ಯಾರದೋ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಯೆಜ್ಡಿ ಮೋಟಾರ್ ಸೈಕಲ್ಲನ್ನು ಕೊಂಡು, ತಳ್ಳಿಕೊಂಡೇ ಬಂದಿದ್ದ. ಎಂಜಿನ್ನಿನ ಮೇಲಿನ ಸಂಖ್ಯೆಯನ್ನು ಶಂಕರಲಿಂಗ ಬೆರಳಿನಿಂದ ಒರೆಸಿ ಓದಿದ. "ಇದು ನಮ್ಮ ಕಾರ್ಖಾನೇದೇ, ನಾನಿದ್ದಾಗ ಹೊರಬಿದ್ದಿರೋ ಗಾಡಿ ಕಣಪ್ಪ" ಎಂದ. ಮೂರು ತಿಂಗಳು ಅಂಗಳದಲ್ಲಿ ಕೂತು ಒಂದೊಂದು ಭಾಗವನ್ನೂ ಬಿಚ್ಚಿ ಜೋಡಿಸಿದ. ಗಾಡಿ ಶುರುವಾದ ದಿನ ಚಂದ್ರಹಾಸ ಅವನನ್ನು ಹಿಂದೆ ಕೂರಿಸಿಕೊಂಡು ಮನೆ ಹತ್ತಿರದ ಕೆರೆಯ ಸುತ್ತ ಎರಡು ಸುತ್ತು ಹೊಡೆಸಿದ. ಅಷ್ಟು ನಕ್ಕ ಗಂಡನನ್ನು ಗೌರಿ ವರ್ಷಗಳಿಂದ ನೋಡಿರಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ಚಂದ್ರಹಾಸ ಗೆಳೆಯರ ಜೊತೆ ದೀಘಾ ಕಡಲತೀರಕ್ಕೆ ಹೊರಟ. ಹಿಂದಿನ ದಿನ ಬಂದ್. ಅಂಗಡಿಯಿಲ್ಲ, ಪೆಟ್ರೋಲ್ ಬಂಕಿಲ್ಲ. ಪೆಟ್ರೋಲನ್ನೇನೋ ಮೊದಲೇ ಕ್ಯಾನಿನಲ್ಲಿ ತುಂಬಿಸಿಟ್ಟಿದ್ದ; ಶಂಕರಲಿಂಗನ ಎಣ್ಣೆ ಡಬ್ಬ ಮಾತ್ರ ಬರಿದಾಗಿತ್ತು.

"ನಾಳೆ ದಾರೀಲಿ ಬಂಕಲ್ಲಿ ಹಾಕಿಸ್ಕೊಳ್ತೀನಿ ಬಿಡಿ ಅಂಕಲ್."

"ಬಂಕಿನ ಎಣ್ಣೆ ನಂಬ್ತೀಯಾ? ನಾನಿಲ್ವಾ ಇಲ್ಲಿ?" ಎಂದ ಶಂಕರಲಿಂಗ.

ಅಟ್ಟದ ಮೇಲೆ ಇನ್ನೊಂದು ಡಬ್ಬವಿತ್ತು. ಗಾರ್ಡನ್ ರೀಚ್ ಶಿಪ್‌ಯಾರ್ಡಿನಲ್ಲಿದ್ದ ಧಾರವಾಡದ ಹೊನ್ನಪ್ಪ ತಿಂಗಳ ಹಿಂದೆ, "ಲಾಂಚ್ ದೋಣಿಯವ ಒಬ್ಬ ಕೊಟ್ಟಾನ್ರೀ, ಫಾರಿನ್ ಮಾಲು, ನಿಮಗ ಉಪಯೋಗ ಆದೀತು" ಎಂದು ಕೊಟ್ಟು ಹೋಗಿದ್ದ. ಡಬ್ಬದ ಮೇಲೆ ನೀರು ಸೀಳುವ ದೋಣಿಯ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ಟೂ ಸ್ಟ್ರೋಕ್. ಶಂಕರಲಿಂಗ ಎರಡು ಬೆರಳ ನಡುವೆ ತಿಕ್ಕಿ ನೋಡಿದ. ನೀಲಿ ಬಣ್ಣ, ತೆಳು. ದೋಣಿಯ ಎಂಜಿನ್ನನ್ನು ಹೊಳೆಯ ನೀರೇ ತಣಿಸುತ್ತದೆ. ಗಾಡಿಯದಕ್ಕೆ ಬರೀ ಗಾಳಿ. ಅಷ್ಟು ಕಾವನ್ನು ಈ ಎಣ್ಣೆ ತಡೆದೀತೇ? ಅಂಥ ಎಣ್ಣೆಯನ್ನು ಅವನು ಎಂದೂ ಬಳಸಿರಲಿಲ್ಲ.

"ಇದು ಆಗುತ್ತಾ ಅಂಕಲ್?"

"ಆಗದೆ ಏನು."

"ಬೋಟ್ ಚಿತ್ರ ಇದೆಯಲ್ಲ, ಅದಕ್ಕೆ ಕೇಳ್ದೆ."

"ಟೂ ಸ್ಟ್ರೋಕ್ ಅಂದ್ರೆ ಟೂ ಸ್ಟ್ರೋಕೇ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದೀನಿ ಕಣೋ" ಎಂದು ಲೀಟರಿಗೆ ನಲವತ್ತು ಮಿಲಿಯಂತೆ ಅಳೆದು ಬೆರೆಸಿ, ಟ್ಯಾಂಕು ತುಂಬಿಸಿ, ಅಲ್ಲಾಡಿಸಿ ಮುಚ್ಚಳ ಹಾಕಿದ.

ಮರುದಿನ ಬಿಸಿಲು ಏರುವ ಹೊತ್ತಿಗೆ, ಕೋಲಾಘಾಟ್ ದಾಟಿದ ಮೇಲೆ, ವೇಗವಾಗಿ ಓಡುತ್ತಿದ್ದ ಎಂಜಿನ್ ಒಮ್ಮೆಲೇ ಕಚ್ಚಿಕೊಂಡು ನಿಂತುಹೋಯಿತು. ಹಿಂದಿನ ಚಕ್ರ ಸಿಕ್ಕಿಬಿದ್ದು ಗಾಡಿ ಅಡ್ಡಡ್ಡ ಜಾರಿತು. ಹಿಂದೆ ಲಾರಿಯಿತ್ತು. ಚಂದ್ರಹಾಸನ ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ.

ವಾರದ ಮೇಲೆ ಗೆಳೆಯರು ಗಾಡಿಯನ್ನು ಶಂಕರಲಿಂಗನ ಅಂಗಳಕ್ಕೇ ತಂದು ಇಳಿಸಿದರು. "ಹಳೇ ಗಾಡಿ, ಏನೋ ಮುರಿದಿರ್ಬೇಕು" ಎಂದರು. ಅವನು ಒಬ್ಬನೇ ಕೂತು ಬಿಚ್ಚಿದ. ಪಿಸ್ಟನ್ನಿನ ಮೈ ಉದ್ದಕ್ಕೂ ಗೀರು, ರಿಂಗುಗಳು ತಮ್ಮ ತೋಡುಗಳಲ್ಲೇ ಬೆಸೆದಂತೆ ಅಂಟಿಕೊಂಡಿದ್ದವು. ಬೇರೇನಾದರೂ ಕಾರಣ ಸಿಗಲಿ ಎಂದು ಮೂರು ದಿನ ಹುಡುಕಿದ. ಕಾರ್ಬ್ಯುರೇಟರ್ ಚೊಕ್ಕಟವಾಗಿತ್ತು. ಸೀಲುಗಳು ಎಲ್ಲೂ ಸೋರಿರಲಿಲ್ಲ. ಎಲ್ಲವನ್ನೂ ಅವನೇ ಅಷ್ಟು ಚೆನ್ನಾಗಿ ಮಾಡಿದ್ದ. ಎಣ್ಣೆಯೊಂದನ್ನು ಬಿಟ್ಟು ದೂರಲು ಏನೂ ಉಳಿಯಲಿಲ್ಲ.

ಅಂದೇ ಆಸ್ಪತ್ರೆಗೆ ಹೋದ. ಊರಿಂದ ಬಂದಿದ್ದ ಚಂದ್ರಹಾಸನ ತಾಯಿ ಎದ್ದು ಕುರ್ಚಿ ಕೊಟ್ಟು, "ನಿಮ್ಮ ಬಗ್ಗೆ ಫೋನಲ್ಲಿ ಯಾವಾಗ್ಲೂ ಹೇಳ್ತಿದ್ದ" ಎಂದರು. ಅವನು ಕೂರಲಿಲ್ಲ.

"ಆ ಎಣ್ಣೆ ದೋಣೀದು ಕಣಪ್ಪ. ಗಾಡಿಗೆ ಹಾಕೋದಲ್ಲ. ಹಾಕುವಾಗ್ಲೇ ನನಗೆ ಅನುಮಾನ ಇತ್ತು. ಗೊತ್ತಿಲ್ಲ ಅನ್ನೋಕೆ ನಾಚಿಕೆಯಾಯ್ತು."

ಚಂದ್ರಹಾಸ ಸೂರು ನೋಡುತ್ತಿದ್ದ. "ನಾನು ಕೇಳಿದ್ನಲ್ಲ ಅಂಕಲ್" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಎರಡು ಸಲ ಕೇಳಿದ್ದೆ."

ತಾಯಿ ಮಗನ ಮುಖವನ್ನೂ ಇವನ ಮುಖವನ್ನೂ ನೋಡಿದರು. ಆಮೇಲೆ ಕುರ್ಚಿಯನ್ನು ಮೆಲ್ಲಗೆ ಗೋಡೆಗೆ ಸರಿಸಿದರು.

ಠಾಣೆಗೂ ಹೋದ. ವಾಹನ ಹಳೆಯದು, ಯಂತ್ರದೋಷ ಎಂದು ಬರೆದಾಗಿದೆ, ಹುಡುಗನ ಕಡೆಯಿಂದ ದೂರಿಲ್ಲ, ಮನೆಗೆ ಹೋಗಿ ದಾದಾ ಎಂದು ಕಳಿಸಿದರು. ಶಿಕ್ಷೆ ಕೊಡುವವರೂ ಸಿಗಲಿಲ್ಲ.

ಗೌರಿಗೆ ಹೇಳಿದಾಗ ಅವಳು ಚಪಾತಿ ಲಟ್ಟಿಸುತ್ತಿದ್ದಳು. "ಮೊದಲೇ ಅನುಮಾನ ಇತ್ತಾ ನಿಮಗೆ?"

"ಇತ್ತು."

ಅವಳು ಲಟ್ಟಣಿಗೆ ಕೆಳಗಿಟ್ಟಳು. ಒಲೆ ಆರಿಸಿ ಒಳಗೆ ಹೋದಳು. ಸಂಘಕ್ಕೆ ಹೋಗುವುದನ್ನು ಇಬ್ಬರೂ ಬಿಟ್ಟರು. ಗಾಡಿಯ ಮಾತೆತ್ತಿ ಬಂದವರಿಗೆ ಗೌರಿ ಬಾಗಿಲಲ್ಲೇ, "ಅವ್ರಿಗೆ ಮೈ ಸರಿಯಿಲ್ಲ" ಎನ್ನುತ್ತಿದ್ದಳು. ಚಂದ್ರಹಾಸ ಬೆಂಗಳೂರಿಗೆ ಹೋದ ಸುದ್ದಿಯನ್ನು ಹೊನ್ನಪ್ಪ ತಂದ. ಆ ಎಣ್ಣೆ ತಾನು ಕೊಟ್ಟ ಡಬ್ಬದ್ದೆಂಬುದು ಹೊನ್ನಪ್ಪನಿಗೆ ಇಂದಿಗೂ ತಿಳಿಯದು. ಶಂಕರಲಿಂಗ ಅದೊಂದನ್ನು ಮಾತ್ರ ಬಚ್ಚಿಟ್ಟ.

ಮೂರು ವರ್ಷದ ಮೇಲೆ ಗೌರಿಗೆ ನಿವೃತ್ತಿಯಾಯಿತು. ಆ ಸಂಜೆ ಅವಳು ಕೇಳಿದಳು, "ಮೈಸೂರಿಗೆ ಹೋಗೋಣ್ವಾ?"

"ಅಲ್ಲಿ ಎಲ್ರಿಗೂ ನಾನು ಗೊತ್ತು. ಮತ್ತೆ ಎಣ್ಣೆ ಕೇಳ್ಕೊಂಡು ಬರ್ತಾರೆ" ಎಂದ ಶಂಕರಲಿಂಗ.

ಅವಳು ಇನ್ನೊಮ್ಮೆ ಕೇಳಲಿಲ್ಲ. ಬಾಲಿಗಂಜಿನ ಅದೇ ಮನೆಯಲ್ಲಿ ಉಳಿದರು.